ಅತ್ತೆಯ ಬೋರ್ಡಿನ ಮೊದಲ ಪದ

ಮೊನ್ನೆ ಸೊಸೆ ತಂದ ಅಕ್ಕಿಯ ಪೊಟ್ಟಣದ ಮೇಲೊಂದು ಗುಂಡನೆಯ ಮುದ್ರೆ, ಅದರ ಕೆಳಗೆ ಅಕ್ಕಿ ಬೆಳೆದ ಊರಿನ ಹೆಸರು ಇತ್ತು. ಆ ಸೀಮೆಯಲ್ಲಿ ಬೆಳೆಯದ ಅಕ್ಕಿಗೆ ಆ ಊರ ಹೆಸರಿಟ್ಟು ಮಾರಿದರೆ ಈಗ ಶಿಕ್ಷೆಯಂತೆ. ಸೊಸೆಯೇ ಹೇಳಿದಳು. "ಹಿಂಗೂ ಒಂದು ಕಾಯ್ದಾ ಅದ ಏನವ್ವಾ?" ಎಂದೆ. ನಿಮಗಿದು ಸಣ್ಣ ಮಾತು ಅನ್ನಿಸಬಹುದು. ನನ್ನ ಸೋದರತ್ತೆಯನ್ನು ನೀವು ನೋಡಿಲ್ಲವಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ದೇವದುರ್ಗದ ಮಗಳಾದ ಅತ್ತೆ ರಾಯಚೂರಿನ ಬಸ್ ನಿಲ್ದಾಣದ ಹಿಂದೆ ಪುಟ್ಟ ಅಂಗಡಿಯಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿ ಮಾರುತ್ತಿದ್ದಳು. 'ದೇವದುರ್ಗದ ಶೇಂಗಾ ಹಿಂಡಿ' ಎಂದು ಬೋರ್ಡು ಬರೆದವನು ನಾನೇ. ಮಾನ್ವಿಯಲ್ಲಿ ಮಾಸ್ತರನಾಗಿದ್ದ ನನಗೆ ಪಾಠಕ್ಕಿಂತ ನನ್ನ ಅಕ್ಷರದ ಮೇಲೆ ಜಂಬ ಹೆಚ್ಚು. ಕೊಂಬು, ದೀರ್ಘಗಳನ್ನು ಬಳ್ಳಿಯ ಹಾಗೆ ಸುತ್ತಿಸಿದ್ದೆ. ಅತ್ತೆಗೆ ಓದು ಬಾರದು. ಮೊದಲ ಪದ ನಿನ್ನ ಊರು ಎಂದು ಬೆರಳಿಟ್ಟು ತೋರಿಸಿದ್ದೆ.

ತವರಿನ ಶೇಂಗಾ ಬಾರದ ದಿನ ಆಕೆ ಮಾನ್ವಿ ಸಂತೆಯ ಕಾಳು ಹುರಿಯುವಳು. ಅಂದು ಬೋರ್ಡಿನ ಮೊದಲ ಪದದ ಮೇಲೆ ಗೋಣಿಚೀಲ ಇಳಿಬಿಡುವಳು.

"ರುಚಿ ಅದೇ ಅದಲ್ಲಬೇ ಯವ್ವಾ, ಚೀಲ ಯಾಕ?" ಎಂದು ಗಿರಾಕಿಗಳು ನಗುವರು.

"ರುಚಿ ನಿನ್ನ ನಾಲಿಗಿದು, ಊರು ನಂದು. ಬೇಕಾದ್ರ ತಗೋ, ಇಲ್ಲಾಂದ್ರ ಬಸ್ ಹತ್ತು."

ಅರ್ಧ ಮಂದಿ ಬಸ್ಸೇ ಹತ್ತುತ್ತಿದ್ದರು.

ಒಮ್ಮೆ ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರು ನನಗೆ ಚಹಾ ಕುಡಿಸಿ, "ಮಾಸ್ತರ, ಎಂಥಾ ಮುತ್ತಿನಂಥ ಅಕ್ಷರ ನಿಮ್ಮವು! ನಿಮ್ಮತ್ತಿ ಬೋರ್ಡಿನಂಗನ ಒಂದು ಚೀಟಿ ಬರದುಕೊಡ್ರಿ, ಪೊಟ್ಟಣದ ಮ್ಯಾಲ ಅಚ್ಚು ಹಾಕಸ್ತೀನಿ" ಎಂದರು. ಅತ್ತೆಯ ಹಿಂಡಿಯನ್ನೇ ಮಾರುತ್ತಾರೆಂದು ತಿಳಿದೆ. ತಿಳಿದೆನೋ, ಉಬ್ಬಿಹೋಗಿ ಕೇಳುವುದನ್ನೇ ಮರೆತೆನೋ. ಬರೆದುಕೊಟ್ಟೆ.

ತಿಂಗಳೊಳಗೆ ಎಲ್ಲ ಅಂಗಡಿಯಲ್ಲೂ ಆ ಪೊಟ್ಟಣ. ಎಲ್ಲಿಯದೋ ಕಾಳು, ಅರ್ಧಕ್ಕರ್ಧ ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು. "ದೇವದುರ್ಗದ ಹಿಂಡಿ ಮೊದಲಿನಂಗ ಇಲ್ಲ ಬಿಡ್ರಿ" ಎಂದು ಅತ್ತೆಯ ಗಿರಾಕಿಗಳೇ ಮುಖ ತಿರುಗಿಸಿದರು. ಆಕೆ ನನ್ನನ್ನು ಎಳೆದುಕೊಂಡು ವಕೀಲರ ಮನೆಗೆ ಹೋದಳು. ಅವರು ಕನ್ನಡಕ ತೆಗೆದಿಟ್ಟು, "ಊರಿನ ಹೆಸರು ಯಾರು ಬೇಕಾದ್ರೂ ಹಚ್ಕೋಬಹುದು ಯವ್ವಾ. ತಡಿಯೋ ಕಾಯ್ದಾನೇ ಇಲ್ಲ" ಎಂದರು. ಅತ್ತೆ ಪೊಟ್ಟಣ ಎತ್ತಿಕೊಂಡು ಎದ್ದಳು.

ಹೊರಗೆ ಬಂದು ಪೊಟ್ಟಣವನ್ನು ಬಿಸಿಲಿಗೆ ಹಿಡಿದಳು. ಬೆರಳಾಡಿಸಿದಳು.

"ಈ ಬಳ್ಳಿ ನಿಂದಲ್ಲೇನೋ?"

ಹೌದೆಂದು ತಲೆಯಾಡಿಸಿದೆ.

"ಕಾಯ್ದಾ ಇಲ್ಲಂತ, ಇರಲಿ. ಶೇಂಗಾ ಯಾವೂರದು ಅಂತ ನೀನರ ಒಂದು ಮಾತು ಕೇಳಬಾರದೇನೋ ಯಪ್ಪಾ?"

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಂದೇ ಬೋರ್ಡು ಇಳಿಸಿದಳು. ಕೊನೆಯವರೆಗೂ ಹೆಸರಿಲ್ಲದ ಅಂಗಡಿಯಲ್ಲೇ ಮಾರಿದಳು. ನನಗೆ ಊಟಕ್ಕೆ ಬಡಿಸುವುದನ್ನು ಬಿಡಲಿಲ್ಲ; ತಾಟಿನ ಅಂಚಿಗೆ ಹಿಂಡಿ ಹಾಕುವಾಗ ಮಾತ್ರ, "ಇದು ದೇವದುರ್ಗದ್ದು" ಎಂದೋ "ಇದು ಮಾನ್ವಿದು" ಎಂದೋ ತಪ್ಪದೆ ಹೇಳುವಳು. ನಾನು ತಲೆಯೆತ್ತದೆ ಉಣ್ಣುತ್ತಿದ್ದೆ.

ಕಾಯ್ದೆ ಬಂದದ್ದು ಒಳ್ಳೆಯದೇ. ಇಷ್ಟು ತಡವಾಗಿ ಬಂತಲ್ಲ ಎಂಬ ಕೊರಗು ಇನ್ನೂ ಇಳಿದಿಲ್ಲ. ನಿನ್ನೆ ನೆರೆಮನೆಯವರು ಮಗಳ ಲಗ್ನಪತ್ರಿಕೆ ಬರೆಸಿಕೊಳ್ಳಲು ಬಂದರು. ವರನ ಊರು ಪೋತ್ನಾಳ ಎಂದರು.

"ಖರೇನ ಪೋತ್ನಾಳದಾಂವ ಹೌದಲ್ರಿ?" ಎಂದು ಕೇಳಿಬಿಟ್ಟೆ.

ಅವರು ನನಗೆಂದು ಚಾಚಿದ್ದ ಪೆನ್ನನ್ನು ಮೆಲ್ಲಗೆ ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.