ಕಂಪ್ಯೂಟರಿಗೆ ಯಾರ ಹೆಸರು?

ಗೆಳತಿಯರೇ, ಇವತ್ತು ಗಜೇಂದ್ರಗಡದ ಅಂಗಡಿಯಲ್ಲಿ ಕಂಪ್ಯೂಟರ್ ಕೊಳ್ಳುವಾಗ ನಮ್ಮ ಮನೆಯವರಿಗೂ ನನಗೂ ಸಣ್ಣ ಜಗಳವಾಯಿತು. ಅವರಿಗೆ ದೊಡ್ಡ ಡಬ್ಬದಂಥದ್ದೇ ಬೇಕು. ನನಗೆ ಪುಸ್ತಕದಷ್ಟೇ ಇದ್ದ ಪುಟ್ಟದೊಂದು ಹಿಡಿಸಿತ್ತು.

"ಇಷ್ಟ ಸಣ್ಣದು ಏನ ಕೆಲಸ ಮಾಡತೈತಿ?" ಎಂದರು ಅವರು.

"ಮನಿಗೆ ಇದ ಚಲೋ ರೀ. ಕರೆಂಟ್ ಭಾಳ ತಿನ್ನೂದಿಲ್ಲ, ಸಪ್ಪಳನೂ ಇಲ್ಲ," ಎಂದ ಅಂಗಡಿಯವನು. "ಯಾರಿಗೆ ಬೇಕಾಗಿತ್ರಿ?"

"ನನಗ," ಎಂದೆ. "ಟೈಪಿಂಗ್ ಕಲೀತಿದ್ದೆ. ಮದುವಿ ಆತು, ಅರ್ಧಕ್ಕ ಬಿಟ್ಟೆ."

ಕೊನೆಗೆ ಪುಟ್ಟದೇ ಗೆದ್ದಿತು. ಅಂಗಡಿಯವನು ಅದನ್ನು ಚಾಲೂ ಮಾಡಿ ಕೇಳಿದ: "ಅಕ್ಕಾರ, ಇದರಾಗ ಹೆಸರು ಏನಂತ ಹಾಕ್ಲಿ?"

"ಸುಮಂಗಲಾ ಅಂತ ಹಾಕಪಾ," ಎಂದರು ಮನೆಯವರು. ಅದು ಮದುವೆಯಲ್ಲಿ ಗಂಡನ ಮನೆಯವರು ನನಗಿಟ್ಟ ಹೆಸರು.

"ಬ್ಯಾಡ್ರಿ, ನೀಲವ್ವ ಅಂತ ಹಾಕ್ರಿ," ಎಂದೆ. ಅಪ್ಪ ನನ್ನನ್ನು ಹಾಗೆ ಕರೆಯುತ್ತಿದ್ದರು. ಅವರು ಹೋದ ಮೇಲೆ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿಲ್ಲ.

ಮನೆಯವರು ಅಂಗಡಿಯವನ ಕಡೆ ತಿರುಗಿ, "ಆಕಿ ಹೇಳಿದಂಗ ಹಾಕು," ಎಂದರು.

ಈಗ ಚಾಲೂ ಮಾಡಿದಾಗೊಮ್ಮೆ ಪರದೆಯ ಮೇಲೆ 'ಸ್ವಾಗತ, ನೀಲವ್ವ' ಎಂದು ಬರುತ್ತದೆ. ಅದನ್ನು ನೋಡಲೆಂದೇ ಸಂಜೆಯಿಂದ ನಾಲ್ಕು ಸಲ ಬಂದ್ ಮಾಡಿ ಮತ್ತೆ ಚಾಲೂ ಮಾಡಿದ್ದೇನೆ. ಹೊಸದು ಇಷ್ಟು ಲಗೂ ಕೆಟ್ಟಿತೇ ಎಂದು ಮನೆಯವರು ಅಂಗಡಿಗೆ ಫೋನ್ ಹಚ್ಚಿ ಕೂತಿದ್ದಾರೆ.