ಟ್ರಾಲಿಯ ಬಾಗಿಲಲ್ಲಿದ್ದ ಹೆಸರು

ಅಮೆರಿಕದ ನಮ್ಮೂರಲ್ಲಿ ಹಿಂದೆ ಬೀದಿಯ ಹಳಿಗಳ ಮೇಲೆ ಜನರನ್ನು ಹೊತ್ತು ಓಡುತ್ತಿದ್ದ ಹಳೆಯ ಟ್ರಾಲಿಗಳನ್ನು ದುರಸ್ತಿ ಮಾಡುವ ಶೆಡ್ಡಿಗೆ ಶನಿವಾರಗಳಂದು ಸ್ವಯಂಸೇವಕನಾಗಿ ಮಗಳೊಡನೆ ಹೋಗುತ್ತಿದ್ದೆ. ಒಮ್ಮೆ ಒಂದು ಟ್ರಾಲಿಯ ಚಾಲಕನ ಬಾಗಿಲಿಗೆ ಸ್ಯಾಂಡ್‌ಪೇಪರು ಉಜ್ಜುವಾಗ ಬಣ್ಣದಡಿ ಕೆತ್ತಿದ್ದ ಹೆಸರೊಂದು ಕಂಡಿತು. ಯಾರೋ ಪುಂಡರ ಕೆಲಸವೆಂದುಕೊಂಡು, ಯಾರನ್ನೂ ಕೇಳದೆ ಅಳಿಸಿಬಿಟ್ಟೆ.

ಆ ಟ್ರಾಲಿ ಮತ್ತೆ ಓಡಿದ ದಿನ ಅಮೆರಿಕನ್ ಅಜ್ಜಿಯೊಬ್ಬರು ಬಂದರು. ಅವರ ತಂದೆ ಒಂದು ಕಾಲಕ್ಕೆ ಅದರ ಚಾಲಕ.

“ನಾನು ಹುಟ್ಟಿದಾಗ ಅಪ್ಪ ಈ ಬಾಗಿಲಲ್ಲಿ ನನ್ನ ಹೆಸರು ಕೆತ್ತಿದ್ದರಂತೆ,” ಎಂದು ಬೆರಳಾಡಿಸಿ ಹುಡುಕಿದರು. ಸಿಗಲಿಲ್ಲ. “ಬಾಗಿಲು ಬದಲಾಯಿಸಿದ್ದೀರಾ?”

“ಇರಬಹುದು,” ಎಂದೆ.

“ಅಪ್ಪಾ, ನೀನೇ ಅಲ್ವಾ ಅದನ್ನ ಉಜ್ಜಿ ಅಳಿಸಿದ್ದು?” ಎಂದಳು ಮಗಳು.

ಸದಾ ಇಂಗ್ಲಿಷಿನಲ್ಲೇ ಮಾತಾಡುವವಳು ಅಂದು ಕನ್ನಡದಲ್ಲಿ ಕೇಳಿದ್ದಳು. ಅಜ್ಜಿ ಏನೂ ತಿಳಿಯದೆ ಅವಳ ಕೆನ್ನೆ ಸವರಿ ಹೊರಟುಹೋದರು. ಅವರಿಗೆ ಅರ್ಥವಾಗಲಿಲ್ಲವೆಂದು ನನಗೆ ಆಗ ಸಮಾಧಾನವಾಗಿತ್ತು. ಆ ಸಮಾಧಾನ ನೆನೆದರೆ ಇಂದಿಗೂ ಮಗಳ ಮುಖ ನೋಡಲು ನಾಚಿಕೆಯಾಗುತ್ತದೆ.