ಚೆತ್ಲಾತ್‌ನ ಸಿಹಿನೀರು

ನಮಾಝ್ ಮುಗಿಸಿ ದುಆಗೆ ಕೈಯೆತ್ತಿದಾಗಲೆಲ್ಲ ಒಂದು ಕಡೆ ನನ್ನ ಮಾತು ನಿಂತುಹೋಗುತ್ತಿತ್ತು. ಉಮ್ಮನಿಗೆ ಆಯುಸ್ಸು ಕೇಳುತ್ತಿದ್ದೆ, ಗಂಡನ ದುಡಿಮೆಗೆ ಬರ್ಕತ್ ಕೇಳುತ್ತಿದ್ದೆ, ಮಗಳ ಓದಿಗೆ ಬೆಳಕು ಕೇಳುತ್ತಿದ್ದೆ. ಬಾಪನ ಸರದಿ ಬಂದಾಗ ಏನು ಕೇಳುವುದು? ಅಪ್ಪ ಬದುಕಿದ್ದರೆ ಆರೋಗ್ಯ ಕೇಳಬೇಕು. ತೀರಿಕೊಂಡಿದ್ದರೆ ಪಾಪಕ್ಕೆ ಕ್ಷಮೆ ಕೇಳಬೇಕು. ಅದು ನಮ್ಮ ಮನೆಯಲ್ಲಿ ತೀರ್ಮಾನವಾಗಿರಲೇ ಇಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು “ಯಾ ಅಲ್ಲಾಹ್, ನನ್ನ ಬಾಪ” ಎಂದಷ್ಟೇ ಹೇಳಿ, ಮುಂದಿನದ್ದು ನಿನಗೇ ಗೊತ್ತು ಎಂದು ಮುಖ ಸವರಿಕೊಂಡು ಎದ್ದಿದ್ದೇನೆ.

ಬಾಪ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಯಲ್ಲಿ ಖಲಾಸಿಯಾಗಿದ್ದರು. ಮಂಜಿ ಎಂದರೆ ಮರದ ದೊಡ್ಡ ದೋಣಿ. ಹೋಗುವಾಗ ಅಕ್ಕಿ, ನೀರುಳ್ಳಿ, ಹಂಚು, ಜಲ್ಲಿ. ಬರುವಾಗ ಕೊಬ್ಬರಿ, ಹುರಿಹಗ್ಗ, ಒಣಗಿಸಿದ ಮಾಸ್ ಮೀನು. ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ. ಮಳೆ ಕಳೆದು ಹೊರಟ ಮೊದಲ ಪ್ರಯಾಣದಲ್ಲೇ ಬಾಪನ ಮಂಜಿ ಬಿತ್ರಾ ದ್ವೀಪಕ್ಕೆಂದು ಹೋದದ್ದು ಹಿಂದೆ ಬರಲಿಲ್ಲ. ಆಗ ನನಗೆ ಆರು ವರ್ಷ, ತಮ್ಮ ಉಮ್ಮನ ಮಡಿಲಲ್ಲಿ.

ಒಬ್ಬರು ಮಾತ್ರ ಬದುಕಿ ಬಂದರು. ನೀರಿನ ಡ್ರಮ್ ಅಪ್ಪಿಕೊಂಡು ತೇಲುತ್ತಿದ್ದವರನ್ನು ಯಾವುದೋ ಸರಕಿನ ಹಡಗು ಎತ್ತಿಕೊಂಡು ಕೊಚ್ಚಿಯಲ್ಲಿ ಇಳಿಸಿತ್ತು. ಅವರು ನಮ್ಮ ಜಗಲಿಯಲ್ಲಿ ಕೂತು ಹೇಳಿದ್ದನ್ನು ಉಮ್ಮ ನನಗೆ ಎಷ್ಟೋ ಸಲ ಹೇಳಿದ್ದಾರೆ. ಆ ದ್ವೀಪಗಳ ತೊಂದರೆಯೆಂದರೆ ಅವು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಅಲ್ಲಿ ಗುಡ್ಡವಿಲ್ಲ, ತೆಂಗಿನ ತಲೆಯೇ ಎತ್ತರ. ಹವಳದ ಕಲ್ಲು ಕಡಲೊಳಗಿನಿಂದ ಬಳೆಯ ಹಾಗೆ ಎದ್ದಿರುತ್ತದೆ. ಬಳೆಯ ಮೂಡುಬದಿಯಲ್ಲಿ ಒಂದು ಚೂರು ನೆಲ, ಪಡುಬದಿಯಲ್ಲಿ ಹಸಿರು ನೀರಿನ ಕೊಳ, ಒಳಗೆ ಹೋಗಲು ಒಂದೇ ಒಂದು ಕಿರಿದಾದ ಬಾಯಿ. ಕೆಲವು ಕಡೆ ನೆಲವೂ ಇಲ್ಲ, ಬಳೆ ಪೂರ್ತಿ ನೀರೊಳಗೇ. ಅದಕ್ಕೆ ಅವರು ಪಾರು ಎನ್ನುತ್ತಾರೆ. ಮುಂಜಾನೆಯ ಮಸುಕಿನಲ್ಲಿ ಮುಂದೆ ಬೆಳ್ಳಗೆ ಕಂಡದ್ದನ್ನು ಮಂಜಿ ನಡೆಸುವ ತಂಡೇಲರು ದ್ವೀಪದ ಮರಳು ಎಂದುಕೊಂಡರಂತೆ. ಅದು ಪಾರಿನ ಮೇಲೆ ಒಡೆಯುತ್ತಿದ್ದ ತೆರೆ. ಯಾವ ಪಾರು ಎಂದು ಆ ಮನುಷ್ಯನಿಗೂ ತಿಳಿದಿರಲಿಲ್ಲ.

ಬಾಪ ಮುಳುಗಿದ್ದನ್ನು ಅವರು ಕಂಡಿರಲಿಲ್ಲ. ಹಾಗಾಗಿ ನಮ್ಮ ಮಸೀದಿಯ ಆಗಿನ ಉಸ್ತಾದರು, ಖಚಿತ ಸುದ್ದಿ ಬರುವವರೆಗೆ ಕಾಯಬೇಕು ಎಂದರು. ಉಮ್ಮ ಅದನ್ನು ಆಜ್ಞೆಯ ಹಾಗೆ ಹಿಡಿದುಕೊಂಡರು. ಸತ್ತವರಿಗಾಗಿ ಮಾಡುವ ಮಯ್ಯಿತ್ ನಮಾಝ್ ಮಾಡಿಸಲು ಬಿಡಲಿಲ್ಲ. ಪೆರ್ನಾಲ್ ಹಬ್ಬದ ಹಿಂದಿನ ದಿನ ಮನೆಯಲ್ಲಿ ಬದುಕಿರುವ ಪ್ರತಿ ತಲೆಗೆ ಫಿತ್ರ್ ದಾನದ ಅಕ್ಕಿ ಅಳೆಯುತ್ತೇವಲ್ಲ, ಉಮ್ಮ ಮೊದಲು ಅಳೆಯುವುದು ಬಾಪನ ಪಾಲನ್ನೇ. “ಸತ್ತವರಿಗೆ ಫಿತ್ರ್ ಇಲ್ಲ” ಎಂದು ನೆರೆಯವರು ಒಮ್ಮೆ ಮೆಲ್ಲಗೆ ಹೇಳಿದ್ದಕ್ಕೆ ಉಮ್ಮ, “ಸತ್ತದ್ದು ನೀವು ನೋಡಿದ್ದೀರಾ?” ಎಂದು ಕೇಳಿದ್ದರು.

ಮದುವೆಯಾಗಿ ನಾನು ಬಹ್ರೇನಿಗೆ ಬಂದು ವರ್ಷಗಳಾದವು. ಸೆಗಯಾದಲ್ಲಿ ಮೂರನೇ ಮಾಳಿಗೆಯ ಎರಡು ಕೋಣೆ. ಗಂಡ ಬೆಳಿಗ್ಗೆ ಕೆಲಸದ ಕೋಲ್ಡ್ ಸ್ಟೋರ್ ಅಂಗಡಿಗೆ ಹೋದರೆ ಬರುವುದು ರಾತ್ರಿಯ ಇಶಾ ನಮಾಝ್ ಕಳೆದು. ಮಗಳು ಶಾಲೆಯಿಂದ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ದೂರು ಹೇಳುತ್ತಿಲ್ಲ. ನೀರು ಬರುತ್ತದೆ, ಬಾಂಗು ಕೇಳುತ್ತದೆ, ಅಡುಗೆಮನೆಯ ಕಿಟಕಿಯಲ್ಲಿ ಅಂಗೈಯಗಲ ಆಕಾಶ ಕಾಣುತ್ತದೆ. ಆದರೂ ಮಧ್ಯಾಹ್ನದ ಹೊತ್ತಿನಲ್ಲಿ ನನ್ನ ಸ್ವರ ನನಗೇ ಕೇಳಿ ಎಷ್ಟು ಹೊತ್ತಾಯಿತು ಎಂದು ಅನಿಸುವುದುಂಟು. ಒಂದು ದಿನ ಮಗಳ ಹತ್ತಿರ ಫೋನಿನಲ್ಲಿ ಬಿತ್ರಾ ತೋರಿಸು ಎಂದೆ. ಅವಳು ಎರಡು ಬೆರಳಿಂದ ಹಿಗ್ಗಿಸಿ, ಹಿಗ್ಗಿಸಿ, “ಇಲ್ಲಿ ಬರೀ ನೀರು ಮಮ್ಮಿ, ನಥಿಂಗ್ ಈಸ್ ದೇರ್” ಎಂದು ಕೊಟ್ಟುಬಿಟ್ಟಳು.

ಹೋದ ವರ್ಷ ಮಂಡಿನೋವಿಗೆಂದು ಸಲ್ಮಾನಿಯಾದ ಆಸ್ಪತ್ರೆಗೆ ಹೋಗುತ್ತಿದ್ದೆ. ಅಲ್ಲಿ ಪಕ್ಕದ ಕುರ್ಚಿಯಲ್ಲಿ ಹಜ್ ಮಾಡಿ ಬಂದ ಒಬ್ಬ ಹಜ್ಜುಮ್ಮ ಸಿಕ್ಕಿದರು. ಎಪ್ಪತ್ತು ದಾಟಿದವರು, ಅವರದ್ದೂ ಮಂಡಿನೋವೇ, ಸೊಸೆಯ ಹೆರಿಗೆಗೆಂದು ಬಂದು ಮಗನ ಮನೆಯಲ್ಲಿದ್ದರು. ಊರು ಕೇಳಿದರೆ ಚೆತ್ಲಾತ್ ಎಂದರು. ಲಕ್ಷದ್ವೀಪದ್ದೇ ಒಂದು ದ್ವೀಪ. ಅವರ ಮಾತು ನನ್ನ ಬ್ಯಾರಿ ಭಾಷೆಗೆ ಎಷ್ಟು ಹತ್ತಿರವೆಂದರೆ ಇಬ್ಬರಿಗೂ ಹಿಂದಿಯ ಅಗತ್ಯ ಬೀಳಲಿಲ್ಲ.

“ಮಂಗಳೂರಿನವಳಾ ನೀನು? ಅಲ್ಲಾ, ನಿಮ್ಮ ಬಂದರಿನವರು ನಮಗೆ ಕೊಳೆತ ನೀರುಳ್ಳಿ ಕೊಟ್ಟೇ ಮಾಳಿಗೆ ಮನೆ ಕಟ್ಟಿದ್ದು!”

“ನೀವು ಕೊಬ್ಬರಿಯಲ್ಲಿ ಮರಳು ಬೆರೆಸಿ ಕೊಟ್ಟದ್ದು ಯಾರು ಹೇಳುದು ಹಜ್ಜುಮ್ಮ?”

ಅವರು ನಕ್ಕು ನನ್ನ ತೊಡೆಗೆ ಹೊಡೆದರು. ಎಷ್ಟೋ ದಿನದ ಮೇಲೆ ನಾನೂ ನಕ್ಕಿದ್ದೆ. ಆ ನಗುವಿನ ಧೈರ್ಯದಲ್ಲೇ ಬಾಪನ ವಿಷಯ ಹೇಳಿದೆ. ಅವರ ಮುಖ ಗಂಭೀರವಾಯಿತು.

“ನಮ್ಮಲ್ಲಿ ಕಡಲು ತಂದು ಹಾಕಿದವರ ಕಬರುಗಳು ಉಂಟು ಮೋಳೇ. ನಮಾಝಿನ ಸಣ್ಣ ಪಳ್ಳಿಯ ಹಿಂದೆ. ಹೆಸರು ಗೊತ್ತಿಲ್ಲ. ಮನೆಮನೆಯವರು ಸರದಿಯಲ್ಲಿ ಹೋಗಿ ಯಾಸೀನ್ ಓದ್ತಾರೆ. ಮಯ್ಯಿತ್ ಮೀಯಿಸ್ತಾ ಇದ್ದದ್ದು ನನ್ನ ಬಾಪ. ನಾನು ಆಗ ಮದುವೆಯಾಗಿ ಪಕ್ಕದ ದ್ವೀಪ ಕಿಲ್ತಾನ್‌ನಲ್ಲಿದ್ದೆ. ಅಕ್ಕನಿಗೆ ಎಲ್ಲ ಗೊತ್ತುಂಟು, ಕೇಳ್ತೇನೆ.”

ನಾಲ್ಕು ದಿನದ ಮೇಲೆ ಆ ಅಕ್ಕ ಮಾತಾಡಿ ಕಳಿಸಿದ ಧ್ವನಿ ನನ್ನ ಫೋನಿಗೆ ಬಂತು. ಮುದಿ ಧ್ವನಿ, ಹಿಂದೆ ಕೋಳಿಯ ಸದ್ದು. ನಲವತ್ತು ವರ್ಷಕ್ಕೂ ಹಿಂದೆ, ಮಳೆ ಕಳೆದ ಕೂಡಲೇ ಮೂವರ ಮಯ್ಯಿತ್ ದಡಕ್ಕೆ ಬಂದಿತ್ತಂತೆ. ಜೊತೆಗೆ ಬಂದ ಹಲಗೆಯ ಮೇಲೆ ಕೇರಳದ ಬೇಪೂರಿನಲ್ಲಿ ಮಂಜಿ ಕಟ್ಟುವ ಆಚಾರಿಯ ಗುರುತು ಇತ್ತು. ಹಾಗಾಗಿ ಬೇಪೂರಿನ ಮಂಜಿ ಎಂದುಕೊಂಡು ಅಲ್ಲಿಗೇ ಹೇಳಿಕಳಿಸಿದರು. ಅಲ್ಲಿಂದ ಯಾರೂ ಬರಲಿಲ್ಲ. ನಮ್ಮ ಬಂದರಿನ ಎಷ್ಟೋ ಮಂಜಿ ಕಟ್ಟಿಸಿಕೊಂಡು ಬರುತ್ತಿದ್ದದ್ದೇ ಬೇಪೂರಿನಿಂದ. ಸುದ್ದಿ ಹೋಗಿತ್ತು, ಬೇರೆ ಬಂದರಿಗೆ ಹೋಗಿತ್ತು.

ಕೊನೆಗೆ ಆಕೆ ಇನ್ನೊಂದು ಮಾತು ಹೇಳಿದ್ದರು. ಆ ಮೂವರಲ್ಲಿ ಒಬ್ಬರ ಎಡಗಾಲಿನ ಎರಡು ಬೆರಳು ಒಂದಕ್ಕೊಂದು ಅಂಟಿಕೊಂಡಿದ್ದವು, ಹುಟ್ಟಿನಿಂದಲೇ ಇದ್ದ ಹಾಗೆ. ಮೀಯಿಸಿ ಬಂದ ಅವರ ಬಾಪ ಮನೆಯಲ್ಲಿ ಅದನ್ನು ಹೇಳಿಕೊಂಡಿದ್ದರಂತೆ.

ನನಗೆ ಬಾಪನ ಕಾಲು ನೆನಪಿಲ್ಲ. ಭುಜದ ಮೇಲೆ ಕೂತಿದ್ದು ನೆನಪಿದೆ, ಬೀಡಿಯ ವಾಸನೆ ನೆನಪಿದೆ. ಕಾಲು ಗೊತ್ತಿದ್ದವರು ಲೋಕದಲ್ಲಿ ಒಬ್ಬರೇ. ಅವರನ್ನು ಕೇಳಬೇಕೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ. ಗಂಡ, “ಇಷ್ಟು ವರ್ಷ ಆಸೆಯಲ್ಲಿ ಬದುಕಿದ ಜೀವ. ಯಾಕೆ ಈಗ?” ಎಂದರು. ಅವರು ಹೇಳಿದ್ದೂ ಸರಿ. ಆದರೆ ಹೆತ್ತ ತಂದೆಗೆ ಬೇಕಾದ ದುಆ ತಪ್ಪಿಸಿಕೊಂಡು ಎಷ್ಟು ದಿನ ಇರಲಿ?

ಒಂದು ಶುಕ್ರವಾರ ಉಮ್ಮನಿಗೆ ಫೋನು ಮಾಡಿದೆ. ಮಂಡಿಯ ವಿಷಯ, ಸೆಖೆಯ ವಿಷಯ ಮಾತಾಡಿ, ಸಾಧಾರಣದಂತೆ ಕೇಳಿದೆ: “ಉಮ್ಮಾ, ಬಾಪನ ಕಾಲಲ್ಲಿ ಎಂತಾದ್ರೂ ಗುರ್ತ ಇತ್ತಾ?”

ಉಮ್ಮ, “ಎಡಗಾಲು. ಎರಡು ಬೆರಳು ಕೂಡಿಕೊಂಡಿತ್ತು,” ಎಂದರು. ಮತ್ತೆ, “ಯಾರು ಮೀಯಿಸಿದ್ದು?” ಎಂದರು.

ಸಾವಿನ ಮಾತನ್ನೇ ನಾನು ಎತ್ತಿರಲಿಲ್ಲ. ಎಲ್ಲ ಹೇಳಿದೆ. ಉಮ್ಮ ಅಳಲಿಲ್ಲ.

“ಉಪ್ಪುನೀರಲ್ಲಿ ಮೀಯಿಸಿದ್ರಾ, ಸಿಹಿನೀರಲ್ಲಾ? ಕೇಳಿ ಹೇಳು.”

ಬೆರಳಿನ ಗುರುತು ಕೂಡಿದ್ದನ್ನು ಹೇಳಿ ಹಜ್ಜುಮ್ಮನನ್ನು ಕೇಳಿದೆ. ಅವರಿಗೆ ಬೇಸರವೇ ಆಯಿತು. “ನಮ್ಮ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲುದು ಮೋಳೇ. ಜಾಸ್ತಿ ಸೇದಿದ್ರೆ ಬಾವಿಯೇ ಉಪ್ಪಾಗ್ತದೆ. ನಾವು ಬದುಕಿದ್ದವರು ಅಳೆದು ಮೀಯುದು. ಮಯ್ಯಿತ್ತಿಗೆ ಮಾತ್ರ ಅಳತೆ ಇಲ್ಲ. ಉಮ್ಮನಿಗೆ ಹಾಗೇ ಹೇಳು.”

ಹಾಗೇ ಹೇಳಿದೆ. ಉಮ್ಮ ಅಲ್‌ಹಮ್ದುಲಿಲ್ಲಾಹ್ ಎಂದರು. ಮರುದಿನ, ಊರಲ್ಲಿ ಉಮ್ಮನ ಜೊತೆಗಿರುವ ನನ್ನ ತಮ್ಮ, ಈಗಿನ ಉಸ್ತಾದರನ್ನು ಮನೆಗೆ ಕರೆಸಿ, ನನಗೂ ವಿಡಿಯೋದಲ್ಲಿ ತೋರಿಸಿದ. ಉಮ್ಮ ಆಗಲೇ ಬಿಳಿ ಉಟ್ಟು ಕೂತಿದ್ದರು. ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂರಬೇಕಲ್ಲ, ಅದಕ್ಕೆ. ಉಸ್ತಾದರು ಮಗನ ವಯಸ್ಸಿನವರು.

“ಉಮ್ಮಾ, ಆ ದಿನಗಳು ಎಂದೋ ಕಳೆದುಹೋಗಿವೆ. ಸುದ್ದಿ ತಡವಾಗಿ ಬಂದ್ರೆ ಪುನಃ ಕೂರ್ಬೇಕೂಂತ ಇಲ್ಲ.”

“ಕಳೆದದ್ದು ನಂಗೆ ಯಾರೂ ಹೇಳ್ಲಿಲ್ಲ ಅಲ್ವಾ ಉಸ್ತಾದ್,” ಎಂದರು ಉಮ್ಮ.

ಉಮ್ಮ ಕೂತರು. ನೆರೆಕರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಪಕ್ಕದಲ್ಲಿ ಕೂತು ಹೋಗುತ್ತಿದ್ದಾರೆ ಎಂದು ತಮ್ಮ ಹೇಳುತ್ತಿದ್ದ. ಇಲ್ಲಿ ನನ್ನ ಬಾಗಿಲಿಗೆ ಯಾರು ಬರಬೇಕು? ಎದುರು ಮನೆಯವರಿಗೆ ಏನೆಂದು ಹೇಳಲಿ, ನಾನು ಆರು ವರ್ಷದವಳಿದ್ದಾಗ ತೀರಿಕೊಂಡ ಅಪ್ಪ ನಿನ್ನೆ ತೀರಿಕೊಂಡರು ಎಂದೇ? ನೆಲ ಒರೆಸಿದೆ, ಅನ್ನ ಮಾಡಿದೆ.

ಮೂರನೇ ದಿನ ಇಳಿಹೊತ್ತಿನ ಅಸರ್ ನಮಾಝಿನ ಹೊತ್ತಿಗೆ ಬಾಗಿಲು ಬಡಿಯಿತು. ಹಜ್ಜುಮ್ಮ. ಲಿಫ್ಟ್ ಕೆಟ್ಟಿತ್ತು, ಆ ಮಂಡಿಯಲ್ಲಿ ಮೂರು ಮಾಳಿಗೆ ಹತ್ತಿ ಬಂದು ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದರು.

“ನೀವ್ಯಾಕೆ ಹಜ್ಜುಮ್ಮ, ಇಷ್ಟು ಕಷ್ಟಪಟ್ಟು...”

“ನನ್ನ ಬಾಪ ಮೀಯಿಸಿದ ಮಯ್ಯಿತ್. ಮತ್ತೆ ನಾವು ಮನೆಯವರೇ ಅಲ್ವಾ? ಮನೆಯವರು ಬಾರದಿದ್ರೆ ಹೇಗೆ? ಮೊದಲು ನೀರು ಕೊಡು.”

ನೀರು ಕುಡಿದು, ಉಸಿರು ಹತೋಟಿಗೆ ಬಂದ ಮೇಲೆ ಅವರು ಚಾಪೆಯ ಮೇಲೆ ಕಾಲು ನೀಡಿ ಕೂತರು. ಇಬ್ಬರೂ ಸೇರಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದಿದೆವು. ಆಮೇಲೆ ಅವರು ಮಯ್ಯಿತ್ತಿನ ದುಆ ಶುರು ಮಾಡಿದರು. ಹೆಸರು ಬರುವ ಜಾಗಕ್ಕೆ ಬಂದು ನಿಲ್ಲಿಸಿ, ನನ್ನ ಮುಖ ನೋಡಿದರು. ಆ ಕಬರಿನ ಹತ್ತಿರ ಇಷ್ಟು ವರ್ಷ ಅವರ ಊರಿನವರು ಹೆಸರಿಲ್ಲದೆ ದಾಟಿಕೊಂಡು ಹೋಗುತ್ತಿದ್ದ ಜಾಗ ಅದು.

ನಾನು ಬಾಪನ ಹೆಸರು ಹೇಳಿದೆ.